ಬಸಿರಲ್ಲಿ ಎದ್ದು ಬರುವ ಬಾಲ್ಯ: ಹಳೇ ಗಾಯ ಇರುವ ಗರ್ಭಿಣಿಗೆ ಏನು ಸಹಾಯ ಇದೆ?

ಏಳನೇ ತಿಂಗಳು. ಸೀಮಂತ ಚೆನ್ನಾಗೇ ನಡೆಯಿತು. ಹಸಿರು ಸೀರೆ, ಕೈ ತುಂಬ ಹಸಿರು ಗಾಜಿನ ಬಳೆ, ಮಡಿಲಕ್ಕಿ, ಎಲೆ ತುಂಬ ಊಟ. ಎಲ್ಲ ಮುಗಿದ ಮೇಲೆ ಅಮ್ಮ ಮಗಳ ಬಟ್ಟೆ ಬ್ಯಾಗಿಗೆ ತುಂಬೋಕೆ ಕೂತರು. ಚೊಚ್ಚಲ ಹೆರಿಗೆ ತವರಿನಲ್ಲೇ ಅಲ್ವಾ. ಆಗ ಮಗಳು ಮೆಲ್ಲಗೆ ಹೇಳಿದಳು: "ನಾನು ಬರಲ್ಲಮ್ಮ. ಇಲ್ಲೇ ಇರ್ತೀನಿ." ಯಾಕೆ ಅಂತ ಕೇಳಿದರೆ ಉತ್ತರ ಇಲ್ಲ. ಅತ್ತೆಗೆ ಇರುಸುಮುರುಸು, ಅಮ್ಮನಿಗೆ ನೆಂಟರ ಮುಂದೆ ಮುಖಭಂಗ. "ಗಂಡನ್ನ ಬಿಟ್ಟಿರೋಕೆ ಆಗಲ್ವಂತೆ" ಎಂದು ಯಾರೋ ನಕ್ಕರು. ಅವಳೂ ನಕ್ಕಳು.

ಇದು ಯಾರದೋ ಒಬ್ಬರ ಮನೆಯ ಕಥೆ ಅಲ್ಲ, ವಿಷಯ ಹೇಳೋಕೆ ನಾನು ಕಟ್ಟಿಕೊಂಡ ದೃಶ್ಯ. ತವರಿಗೆ ಹೋಗಲ್ಲ ಅನ್ನೋಕೆ ಹತ್ತಾರು ಕಾರಣ ಇರಬಹುದು. ಆಸ್ಪತ್ರೆ ದೂರ ಇರಬಹುದು, ಕೆಲಸಕ್ಕೆ ರಜೆ ಸಿಗದೇ ಇರಬಹುದು, ಅತ್ತಿಗೆ ಜೊತೆ ಹೊಂದಾಣಿಕೆ ಇಲ್ಲದಿರಬಹುದು. ಈ ಲೇಖನ ಇನ್ನೊಂದು ಕಾರಣದ ಬಗ್ಗೆ. ಆ ಮನೆಯಲ್ಲಿ, ಇಲ್ಲವೇ ಆ ಬೀದಿಯಲ್ಲಿ, ಅವಳು ಚಿಕ್ಕವಳಿದ್ದಾಗ ಏನೋ ಆಗಿತ್ತು. ಅದನ್ನು ಅವಳು ಯಾರಿಗೂ ಹೇಳಿಲ್ಲ. ಮರೆತೇಬಿಟ್ಟಿದ್ದೇನೆ ಅಂದುಕೊಂಡಿದ್ದಳು. ಹೊಟ್ಟೆಯಲ್ಲಿ ಮಗು ಮಿಸುಕಾಡೋಕೆ ಶುರುವಾದ ಮೇಲೆ ಅದೂ ಮಿಸುಕಾಡುತ್ತಿದೆ.

ಟ್ರಾಮಾ ಅಂದರೆ ಬರೀ ಕೆಟ್ಟ ನೆನಪಲ್ಲ

'ಟ್ರಾಮಾ' ಎಂಬ ಮಾತು ಈಗ ಎಲ್ಲರ ಬಾಯಲ್ಲಿದೆ. ಬೆಂಗಳೂರು ಟ್ರಾಫಿಕ್ಕಿಗೂ ಅದೇ ಪದ. ವೈದ್ಯರು ಅದನ್ನು ಬಳಸುವುದು ಇನ್ನೂ ಬಿಗಿಯಾದ ಅರ್ಥದಲ್ಲಿ. ತಾಳಿಕೊಳ್ಳುವ ಶಕ್ತಿಯನ್ನು ಮೀರಿದ ಅನುಭವ ಒಂದು, ಆ ಅನುಭವ ಮೈಮನಸ್ಸಿನಲ್ಲಿ ಉಳಿಸಿಹೋಗುವ ಗಾಯ ಇನ್ನೊಂದು. ಎರಡೂ ಸೇರಿದರೆ ಆಘಾತ, ಅಂದರೆ ಟ್ರಾಮಾ.

ಒಂದು ಮಗು ಮರದಿಂದ ಬಿದ್ದು ಕೈ ಮುರಿದುಕೊಂಡಿತು ಅನ್ನಿ. ಅಪ್ಪ ಎತ್ತಿಕೊಂಡು ಆಸ್ಪತ್ರೆಗೆ ಓಡಿದರು. ನೋವು ಜೋರಾಗೇ ಇತ್ತು, ಆದರೂ ಮುಂದೆ ಅದು ಹೇಳಿಕೊಂಡು ನಗುವ ಕಥೆ ಆಗುತ್ತದೆ. ಅದೇ ಅಪ್ಪನೇ ಕೈ ಮುರಿದಿದ್ದರೆ? ಮುರಿದ ಮೂಳೆ ಎರಡು ಸಲವೂ ಒಂದೇ. ಆದರೆ ಎರಡನೇ ಸಲ ಆ ಮಗುವಿಗೆ ಓಡಿಹೋಗೋಕೆ ಜಾಗವೇ ಇಲ್ಲ. ಕಾಪಾಡಬೇಕಾದ ಕೈಯೇ ಹೊಡೆಯುವ ಕೈ ಆದಾಗ ಗಾಯ ಆಳಕ್ಕೆ ಇಳಿಯುತ್ತದೆ.

ಈ ವಿಷಯವನ್ನು ದೊಡ್ಡ ಮಟ್ಟದಲ್ಲಿ ಅಳೆದು ನೋಡಿದ ಅಧ್ಯಯನ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ನಡೆಯಿತು. ವೈದ್ಯರಾದ ವಿನ್ಸೆಂಟ್ ಫೆಲಿಟ್ಟಿ ಮತ್ತು ರಾಬರ್ಟ್ ಆಂಡಾ ಅದರ ಮೊದಲ ವರದಿಯನ್ನು 1998ರಲ್ಲಿ ಪ್ರಕಟಿಸಿದರು. ಒಟ್ಟು 17,000ಕ್ಕೂ ಹೆಚ್ಚು ವಯಸ್ಕರನ್ನು ಅವರ ಬಾಲ್ಯದ ಬಗ್ಗೆ ಕೇಳಲಾಯಿತು. ಹೊಡೆತ, ಬೈಗುಳ, ಲೈಂಗಿಕ ದೌರ್ಜನ್ಯ, ಹೊಟ್ಟೆಗೆ ಬಟ್ಟೆಗೆ ನೋಡಿಕೊಳ್ಳದೇ ಇದ್ದದ್ದು, ಅಮ್ಮನಿಗೆ ಏಟು ಬೀಳುವುದನ್ನು ನೋಡುತ್ತಾ ಬೆಳೆದದ್ದು, ಮನೆಯಲ್ಲಿ ಕುಡಿತ, ಇಂಥವು ಅದರ ಪಟ್ಟಿಯಲ್ಲಿದ್ದವು. ಸುಮಾರು ಮೂರರಲ್ಲಿ ಎರಡು ಪಾಲು ಜನ ಇವುಗಳಲ್ಲಿ ಒಂದಾದರೂ ಅನುಭವಿಸಿದ್ದರು. ಎಂಟರಲ್ಲಿ ಒಬ್ಬರು ನಾಲ್ಕೋ ಅದಕ್ಕಿಂತ ಜಾಸ್ತಿಯೋ. ಪಟ್ಟಿ ಉದ್ದವಾದಷ್ಟೂ ದೊಡ್ಡವರಾದ ಮೇಲೆ ಖಿನ್ನತೆಯಿಂದ ಹಿಡಿದು ಹೃದಯದ ಕಾಯಿಲೆಯವರೆಗೆ ಅಪಾಯ ಏರುತ್ತಾ ಹೋಗಿತ್ತು.

ಅದು ಅಮೆರಿಕದ ಮಾತು, ನಮ್ಮಲ್ಲಿ ಹಾಗಿಲ್ಲ ಅನ್ನುವವರಿಗೆ ಒಂದು ಲೆಕ್ಕ. 2007ರಲ್ಲಿ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 13 ರಾಜ್ಯಗಳ 12,447 ಮಕ್ಕಳನ್ನು ಮಾತಾಡಿಸಿತು. ಮೂವರಲ್ಲಿ ಇಬ್ಬರು ಹೊಡೆತ ತಿಂದವರು. ಶೇ 53ರಷ್ಟು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯ ಆಗಿದೆ ಎಂದರು. ಆಗ ಹತ್ತು ವರ್ಷದವಳಾಗಿದ್ದ ಹುಡುಗಿಗೆ ಈಗ ಇಪ್ಪತ್ತೆಂಟೋ ಮೂವತ್ತೋ. ಅಂದರೆ ಆ ಲೆಕ್ಕದೊಳಗಿನ ಮಕ್ಕಳೇ ಇವತ್ತು ತಾಯಿ ಕಾರ್ಡ್ ಹಿಡಿದು ಸಾಲಿನಲ್ಲಿ ನಿಂತಿರುವುದು.

ಬಾಲ್ಯವಿವಾಹವನ್ನೂ ಇದರ ಜೊತೆಗೇ ಇಡಬೇಕು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 20ರಿಂದ 24 ವಯಸ್ಸಿನ ಹೆಂಗಸರಲ್ಲಿ ಶೇ 21ರಷ್ಟು ಮಂದಿಗೆ 18 ತುಂಬುವ ಮೊದಲೇ ಮದುವೆ ಆಗಿತ್ತು. ಅವರಲ್ಲಿ ಕೆಲವರಿಗೆ ಬಾಲ್ಯ ಮುಗಿಯುವುದೂ ಬಸಿರು ನಿಲ್ಲುವುದೂ ಒಟ್ಟಿಗೇ.

ತೆನಾಲಿ ರಾಮಕೃಷ್ಣನ ಬೆಕ್ಕು

ಕಥೆ ಗೊತ್ತಲ್ಲ? ಕೃಷ್ಣದೇವರಾಯ ಎಲ್ಲರಿಗೂ ಒಂದೊಂದು ಬೆಕ್ಕು, ಅದಕ್ಕೆ ಹಾಲು ಕೊಡೋಕೆ ಒಂದೊಂದು ಹಸು ಕೊಟ್ಟ. ತೆನಾಲಿ ರಾಮಕೃಷ್ಣ ಮೊದಲ ದಿನವೇ ಕುದಿಯುವ ಹಾಲನ್ನು ಬೆಕ್ಕಿನ ಮುಂದಿಟ್ಟ. ಬಾಯಿ ಸುಟ್ಟುಕೊಂಡ ಬೆಕ್ಕು ಆಮೇಲೆ ಹಾಲಿನ ಬಟ್ಟಲು ಕಂಡರೆ ಸಾಕು, ಓಡುತ್ತಿತ್ತು. ನಾವು ಆ ಕಥೆ ಕೇಳಿ ನಕ್ಕಿದ್ದು ರಾಮಕೃಷ್ಣನ ಜಾಣತನಕ್ಕೆ. ಈಗ ಬೆಕ್ಕಿನ ಕಡೆಯಿಂದ ನೋಡಿ. ಮುಂದಿರುವ ಹಾಲು ತಣ್ಣಗಿದೆಯೋ ಬಿಸಿಯಿದೆಯೋ ಎಂದು ಅದು ಪರೀಕ್ಷೆ ಮಾಡೋಕೆ ಹೋಗಲೇ ಇಲ್ಲ. ಬಟ್ಟಲು ಕಂಡ ಕೂಡಲೇ ಕಾಲು ಓಡಿತು.

ಮನುಷ್ಯರ ಮಿದುಳೂ ಹೀಗೇ ಕೆಲಸ ಮಾಡುತ್ತದೆ. ಅಪಾಯ ಗುರುತಿಸೋಕೆ ಅಲ್ಲಿ ಬಾದಾಮಿ ಆಕಾರದ ಒಂದು ಪುಟ್ಟ ಭಾಗ ಇದೆ, ಹೆಸರು ಅಮಿಗ್ಡಲಾ. ಅದಕ್ಕೆ ನಿಧಾನವಾಗಿ ಯೋಚಿಸುವ ಅಭ್ಯಾಸ ಇಲ್ಲ. ಹಳೇ ಅಪಾಯವನ್ನು ಹೋಲುವ ವಾಸನೆ, ದನಿ, ಮುಟ್ಟುವ ರೀತಿ ಏನೇ ಸಿಕ್ಕಿದರೂ ಮೊದಲು ಗಂಟೆ ಬಾರಿಸುತ್ತದೆ. ಗಂಟೆ ಬಾರಿಸಿದ ಕೂಡಲೇ ಎದೆ ಹೊಡೆದುಕೊಳ್ಳುತ್ತದೆ, ಬೆವರು ಬರುತ್ತದೆ, ಮೈ ಬಿಗಿಯುತ್ತದೆ. 'ಇದು ಆಸ್ಪತ್ರೆ, ಇವರು ಡಾಕ್ಟರು' ಎಂದು ಯೋಚಿಸುವ ಭಾಗ ಎಚ್ಚೆತ್ತುಕೊಳ್ಳುವುದು ಆಮೇಲೆ. ಬಾಲ್ಯದಲ್ಲಿ ಈ ಗಂಟೆ ಪದೇ ಪದೇ ಹೊಡೆದುಕೊಂಡಿದ್ದರೆ ಅದು ಸೂಕ್ಷ್ಮವಾಗಿಬಿಡುತ್ತದೆ. ಆಗ ಸಣ್ಣ ಗಾಳಿಗೂ ಬಾರಿಸುತ್ತದೆ.

ಸರಿ, ಇಷ್ಟು ವರ್ಷ ಸುಮ್ಮನಿದ್ದದ್ದು ಬಸಿರಲ್ಲೇ ಯಾಕೆ?

ಮೊದಲನೆಯದಾಗಿ, ಬಸಿರಲ್ಲಿ ಮೈ ಅವಳ ಮಾತು ಕೇಳುವುದಿಲ್ಲ. ವಾಂತಿ, ಸುಸ್ತು, ಹಿಗ್ಗುವ ಹೊಟ್ಟೆ ಯಾವುದಕ್ಕೂ ಅವಳ ಒಪ್ಪಿಗೆ ಬೇಕಿಲ್ಲ. 'ನನ್ನ ಮೈ ಮೇಲೆ ನನಗೇ ಹಿಡಿತ ಇಲ್ಲ' ಎಂಬ ಅನುಭವ ಅವಳಿಗೆ ಹೊಸದಲ್ಲ, ಹಿಂದೆ ಒಮ್ಮೆ ಆಗಿತ್ತು. ಇದರ ಜೊತೆಗೆ ಎಲ್ಲರೂ ಮುಟ್ಟುತ್ತಾರೆ. ಡಾಕ್ಟರು, ಸಿಸ್ಟರು, ಸ್ಕ್ಯಾನ್ ಮಾಡುವವರು, ಕೊನೆಗೆ ಪಕ್ಕದ ಮನೆಯ ಆಂಟಿ ಕೂಡ ಕೇಳದೇ ಹೊಟ್ಟೆ ಮೇಲೆ ಕೈಯಿಡುತ್ತಾರೆ. ತಿಂಗಳು ತುಂಬಿದಂತೆ ಉಸಿರು ಮೇಲುಸಿರು ಆಗುತ್ತದೆ, ಎದೆಬಡಿತ ಏರುತ್ತದೆ. ಬಸಿರಲ್ಲಿ ಇದು ಸಹಜ. ಆದರೆ ಹೆದರಿಕೆಯಲ್ಲೂ ಆಗುವುದು ಇದೇ, ಹಾಗಾಗಿ ಮೈ ಎರಡನ್ನೂ ಕಲಸಿಕೊಳ್ಳುತ್ತದೆ.

ಎಲ್ಲಕ್ಕಿಂತ ಹೆಚ್ಚಾಗಿ, ಮಗು ಬರುತ್ತಿದೆ ಅಂದರೆ ತನ್ನ ಬಾಲ್ಯ ಕಣ್ಣಿಗೆ ಬರದೇ ಇರುವುದಿಲ್ಲ. 'ನನ್ನನ್ನೇ ಯಾರೂ ಕಾಪಾಡಲಿಲ್ಲ, ನಾನು ಇದನ್ನು ಹೇಗೆ ಕಾಪಾಡಲಿ?' 'ನಾನೂ ನಮ್ಮಪ್ಪನ ಹಾಗೇ ಹೊಡೆದುಬಿಟ್ಟರೆ?' ರಾತ್ರಿ ಎರಡು ಗಂಟೆಗೆ ಬರುವ ಪ್ರಶ್ನೆಗಳು ಇವು. ಬೆಳಗ್ಗೆ ಎದ್ದರೆ ಎಲ್ಲರೂ ಹೇಳುವುದು ಒಂದೇ: "ಬಸುರಿ ಖುಷಿಯಾಗಿರಬೇಕು ಕಣಮ್ಮ."

ಇದು ಮಾಮೂಲಿ ಸಂಕಟವೋ, ಬೇರೆಯೋ?

ವಿಶ್ವ ಆರೋಗ್ಯ ಸಂಸ್ಥೆ ಹೇಳುವಂತೆ ಜಗತ್ತಿನಲ್ಲಿ ಸುಮಾರು ಶೇ 10ರಷ್ಟು ಗರ್ಭಿಣಿಯರಿಗೆ, ಶೇ 13ರಷ್ಟು ಬಾಣಂತಿಯರಿಗೆ ಮಾನಸಿಕ ತೊಂದರೆ ಇರುತ್ತದೆ. ಅದರಲ್ಲಿ ಮುಖ್ಯವಾದದ್ದು ಖಿನ್ನತೆ. ನಮ್ಮಂಥ ಅಭಿವೃದ್ಧಿಶೀಲ ದೇಶಗಳಲ್ಲಿ ಇದು ಶೇ 15.6 ಮತ್ತು ಶೇ 19.8. ಬಾಲ್ಯದಲ್ಲಿ ಆಘಾತ ಉಂಡವರಿಗೆ ಇದರ ಸಾಧ್ಯತೆ ಉಳಿದವರಿಗಿಂತ ಜಾಸ್ತಿ. ಹಾಗೆಂದು ಎಲ್ಲರಿಗೂ ಬಂದೇ ಬರುತ್ತದೆ ಅಂತ ಅಲ್ಲ.

ಬಸಿರಲ್ಲಿ ನಿದ್ದೆ ಕೆಡುವುದು, ಅಳು ಬರುವುದು ಎಲ್ಲರಿಗೂ ಇದ್ದದ್ದೇ. ಆದರೆ ಎರಡು ವಾರ ದಾಟಿದರೂ ಮನಸ್ಸು ಮೇಲೇಳದಿದ್ದರೆ, ಇಷ್ಟದ ಊಟ ಇಷ್ಟದ ಜನ ಯಾವುದೂ ಬೇಡ ಅನ್ನಿಸಿದರೆ ಅದು ಖಿನ್ನತೆ ಇರಬಹುದು. ಆಘಾತದ ಗುರುತುಗಳು ಸ್ವಲ್ಪ ಬೇರೆ. ಅದದೇ ಕೆಟ್ಟ ಕನಸು. ಹಳೆಯದು ಈಗಲೇ ನಡೆಯುತ್ತಿದೆ ಅನ್ನಿಸುವುದು. ಹಿಂದಿನಿಂದ ಯಾರಾದರೂ ಬಂದರೆ ಬೆಚ್ಚಿಬೀಳುವುದು. ಕೆಲವು ಜಾಗ, ಕೆಲವು ಜನರಿಂದ ದೂರ ಸರಿಯುವುದು. ಇವು ತಿಂಗಳಿಗೂ ಮೀರಿ ಕಾಡಿ, ದಿನದ ಬದುಕನ್ನೇ ಕೆಡಿಸಿದರೆ ವೈದ್ಯರು ಅದಕ್ಕೆ ಪಿಟಿಎಸ್‌ಡಿ, ಅಂದರೆ ಆಘಾತದ ನಂತರದ ಒತ್ತಡದ ಕಾಯಿಲೆ ಎನ್ನುತ್ತಾರೆ.

ಸುಲಭಕ್ಕೆ ಕಣ್ಣಿಗೆ ಬೀಳದ ಗುರುತು ಇನ್ನೊಂದಿದೆ. ಅವಳು ಇದ್ದಲ್ಲೇ ಇಲ್ಲದಂತಾಗುತ್ತಾಳೆ. ಕಣ್ಣು ತೆರೆದಿದೆ, ಆದರೆ ಕರೆದರೆ ಓಗೊಡುವುದಿಲ್ಲ. ಮೈ ಮರದ ಹಲಗೆಯ ಹಾಗೆ ಆಗಿರುತ್ತದೆ. ಓಡಲೂ ಆಗದ, ಎದುರಿಸಲೂ ಆಗದ ಮಗುವಿಗೆ ಉಳಿದಿದ್ದ ಒಂದೇ ಉಪಾಯ ಮನಸ್ಸನ್ನು ಮೈಯಿಂದ ಆಚೆ ಕಳಿಸುವುದು. ಆ ಉಪಾಯ ದೊಡ್ಡವಳಾದ ಮೇಲೂ ತಾನಾಗೇ ಬರುತ್ತದೆ. ನೋಡುವವರಿಗೆ "ಪಾಪ, ತುಂಬಾ ಸಾಧು, ಒಂಚೂರೂ ತೊಂದರೆ ಕೊಡಲ್ಲ" ಅನ್ನಿಸಬಹುದು.

ಇನ್ನು ಕೆಲವರು ಚೆಕಪ್ಪಿಗೇ ಬರುವುದಿಲ್ಲ. ತಾರೀಖು ತಪ್ಪಿಸುತ್ತಾರೆ. ಅವರನ್ನು 'ಉದಾಸೀನ' ಎಂದು ಬೈಯುವ ಮೊದಲು ಹೆದರಿಕೆ ಇರಬಹುದಾ ಎಂದು ಒಮ್ಮೆ ಯೋಚಿಸುವುದು ಒಳ್ಳೆಯದು.

ಖಿನ್ನತೆ ಗುರುತಿಸೋಕೆ ಒಂದು ಸರಳ ಸಾಧನ ಇದೆ. 1987ರಲ್ಲಿ ಬ್ರಿಟನ್ನಿನಲ್ಲಿ ಸಿದ್ಧವಾದ ಎಡಿನ್‌ಬರಾ ಪ್ರಶ್ನಾವಳಿ. ಒಟ್ಟು 10 ಪ್ರಶ್ನೆ, ಎಲ್ಲವೂ ಕಳೆದ 7 ದಿನಗಳ ಬಗ್ಗೆ. ನಗು ಬಂತಾ, ಸುಮ್ಮಸುಮ್ಮನೆ ನಿಮ್ಮನ್ನೇ ಬೈದುಕೊಂಡಿರಾ, ಗಾಬರಿಯಾಯಿತಾ, ಹೀಗೆ. ಕನ್ನಡದಲ್ಲೂ ಇದೆ, ನಮ್ಮ ಹಳ್ಳಿಗಳ ಹೆಂಗಸರಲ್ಲಿ ಪರೀಕ್ಷಿಸಿಯೂ ನೋಡಿದ್ದಾರೆ. ಅಂಕ 0ರಿಂದ 30. ಸಾಮಾನ್ಯವಾಗಿ 13 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ತಜ್ಞರು ಮಾತಾಡಿಸಿ ನೋಡುತ್ತಾರೆ. ಹತ್ತನೇ ಪ್ರಶ್ನೆ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆ ಬಂದಿತ್ತೇ ಎಂಬುದು. ಅದಕ್ಕೆ 'ಹೌದು' ಎಂದರೆ ಒಟ್ಟು ಅಂಕ ಎಷ್ಟೇ ಇರಲಿ, ಅವತ್ತೇ ಗಮನ ಕೊಡಬೇಕು. ಇದು ಬಿಪಿ ನೋಡಿದ ಹಾಗೆ. ಬಿಪಿ ಜಾಸ್ತಿ ಬಂತು ಅಂದರೆ ಕಾಯಿಲೆ ತೀರ್ಮಾನ ಆಯ್ತು ಅಂತಲ್ಲ, ಇನ್ನೊಮ್ಮೆ ಸರಿಯಾಗಿ ನೋಡಬೇಕು ಅಂತ.

ಮಗುವಿಗೆ ಏನಾದರೂ ಆಗುತ್ತಾ?

ಎಲ್ಲ ತಾಯಂದಿರ ಮೊದಲ ಪ್ರಶ್ನೆ ಇದೇ. ಇದಕ್ಕೆ ಹೆದರಿಸುವ ಉತ್ತರ ಕೊಡುವವರೇ ಜಾಸ್ತಿ.

ಆತಂಕವಾದಾಗ ಮೈಯಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನು ಏರುತ್ತದೆ. ತಾಯಿಯ ಕಾರ್ಟಿಸಾಲ್ ಅಷ್ಟೂ ಮಗುವಿಗೆ ಹೋಗುವುದಿಲ್ಲ. ನಡುವೆ ಮಾಸು, ಅಂದರೆ ಪ್ಲಸೆಂಟಾ ಇದೆ. ಅದರಲ್ಲಿರುವ ಒಂದು ಕಿಣ್ವ ಕಾರ್ಟಿಸಾಲಿನ ಬಹುಪಾಲನ್ನು ಕೆಲಸಕ್ಕೆ ಬಾರದ ರೂಪಕ್ಕೆ ತಿರುಗಿಸುತ್ತದೆ. ಟೀ ಸೋಸುವ ಜಾಲರಿ ಅಂದುಕೊಳ್ಳಿ. ಚರಟ ಮೇಲೇ ಉಳಿಯುತ್ತದೆ, ಸ್ವಲ್ಪ ಪುಡಿ ಇಳಿಯುತ್ತದೆ. ಹಾಗಾಗಿ ಒಂದು ದಿನ ಅತ್ತದ್ದಕ್ಕೆ, ಒಂದು ರಾತ್ರಿ ಕೆಟ್ಟ ಕನಸು ಬಿದ್ದದ್ದಕ್ಕೆ ಮಗುವಿಗೆ ಏನೂ ಆಗುವುದಿಲ್ಲ. ಆತಂಕವೋ ಖಿನ್ನತೆಯೋ ತೀವ್ರವಾಗಿದ್ದು, ತಿಂಗಳುಗಟ್ಟಲೆ ಚಿಕಿತ್ಸೆ ಇಲ್ಲದೆ ಉಳಿದರೆ ಮಾತ್ರ ದಿನ ತುಂಬುವ ಮೊದಲೇ ಹೆರಿಗೆ, ಕಡಿಮೆ ತೂಕದ ಮಗು ಇಂಥವುಗಳ ಸಾಧ್ಯತೆ ಸ್ವಲ್ಪ ಏರುತ್ತದೆ. ಇದಕ್ಕೆ ಕಾರ್ಟಿಸಾಲ್ ಒಂದೇ ಕಾರಣ ಅಲ್ಲ. ಮನಸ್ಸು ಕುಗ್ಗಿದವಳು ಊಟ ಬಿಡುತ್ತಾಳೆ, ಕಬ್ಬಿಣದ ಮಾತ್ರೆ ಮರೆಯುತ್ತಾಳೆ, ಚೆಕಪ್ ತಪ್ಪಿಸುತ್ತಾಳೆ. ಅದೂ ಸೇರುತ್ತದೆ.

ಇನ್ನೊಂದು ಹೆದರಿಕೆ, 'ನಾನೂ ಅವರ ಹಾಗೇ ಆಗ್ತೀನಾ' ಎಂಬುದು. 1975ರಲ್ಲಿ ಅಮೆರಿಕದ ಸೆಲ್ಮಾ ಫ್ರೈಬರ್ಗ್ ಮತ್ತು ಸಂಗಡಿಗರು ಹಸುಗೂಸುಗಳ ತಾಯಂದಿರ ಜೊತೆ ಕೆಲಸ ಮಾಡುತ್ತಾ ಒಂದು ವಿಷಯ ಗಮನಿಸಿ ಬರೆದರು. ಬಾಲ್ಯದಲ್ಲಿ ನೋವುಂಡ ಎಲ್ಲರೂ ಅದನ್ನು ಮಕ್ಕಳಿಗೆ ದಾಟಿಸುವುದಿಲ್ಲ. ಆಗ ಎಷ್ಟು ನೋವಾಗಿತ್ತು, ಎಷ್ಟು ಹೆದರಿಕೆ ಆಗಿತ್ತು ಎಂಬ ಭಾವನೆ ಯಾರಿಗೆ ನೆನಪಿರುತ್ತದೋ ಅವರು ತಮ್ಮ ಮಗುವಿಗೆ ಹಾಗೆ ಮಾಡದಿರುವ ಸಾಧ್ಯತೆಯೇ ಹೆಚ್ಚು. 'ಏನೂ ಆಗಿಲ್ಲ, ನಾವೆಲ್ಲ ಹೊಡೆಸಿಕೊಂಡೇ ಬೆಳೆದವರು' ಎಂದು ನೋವನ್ನು ಮುಚ್ಚಿದವರಲ್ಲೇ ಅದು ಮರುಕಳಿಸುವುದು. ಅಂದರೆ ರಾತ್ರಿ ಎರಡು ಗಂಟೆಗೆ ಆ ಪ್ರಶ್ನೆ ಕೇಳಿಕೊಳ್ಳುವ ಹೆಂಗಸು ಆಗಲೇ ಒಂದು ಹೆಜ್ಜೆ ಈಚೆ ಬಂದಿದ್ದಾಳೆ. ಬಾಲ್ಯದಲ್ಲಿ ಅಜ್ಜಿಯೋ, ಟೀಚರೋ, ಪಕ್ಕದ ಮನೆಯವರೋ ಒಬ್ಬರು ಪ್ರೀತಿ ತೋರಿಸಿದ್ದರೂ ಅದು ಈಗ ಕೈಹಿಡಿಯುತ್ತದೆ. ಅದಕ್ಕೇ ಒಳ್ಳೆಯ ಆಪ್ತಸಮಾಲೋಚಕರು ನೋವಿನ ಬಗ್ಗೆ ಕೇಳುವಷ್ಟೇ ಆಸ್ಥೆಯಿಂದ ಆ ಅಜ್ಜಿಯ ಬಗ್ಗೆಯೂ ಕೇಳುತ್ತಾರೆ.

ಪರೀಕ್ಷೆಯ ಮಂಚದ ಮೇಲೆ

ಹೆಚ್ಚು ಕಷ್ಟವಾಗುವುದು ಇಲ್ಲಿ, ಹಾಗೆಯೇ ಖರ್ಚಿಲ್ಲದೆ ಸುಧಾರಿಸಬಹುದಾದದ್ದೂ ಇಲ್ಲೇ.

ಒಳಪರೀಕ್ಷೆ ಹೇಗಿರುತ್ತದೆ ಯೋಚಿಸಿ. ಮಂಚದ ಮೇಲೆ ಮಲಗಬೇಕು. ಸೊಂಟದ ಕೆಳಗೆ ಬಟ್ಟೆ ಇಲ್ಲ. ಮೇಲಿಂದ ಯಾರೋ ಬಗ್ಗಿ ನೋಡುತ್ತಾರೆ. ಪರದೆ ಅರ್ಧ ತೆರೆದಿದೆ, ಆಯಾ ಒಳಗೆ ಹೊರಗೆ ಓಡಾಡುತ್ತಿದ್ದಾಳೆ. ನೋವಾಗಿ ಮೈ ಬಿಗಿ ಮಾಡಿದರೆ, "ಸುಮ್ನಿರಮ್ಮ, ಒಂದೇ ನಿಮಿಷ" ಅನ್ನುತ್ತಾರೆ. ಹೇಳಿದವರಿಗೆ ಅದು ದಿನಕ್ಕೆ ನಲವತ್ತು ಸಲ ಹೇಳುವ ಮಾತು, ಕೆಟ್ಟ ಉದ್ದೇಶ ಏನೂ ಇಲ್ಲ. ಆದರೆ ಎಂಟನೇ ವಯಸ್ಸಿನಲ್ಲಿ, ಬಾಗಿಲು ಮುಚ್ಚಿದ ಕೋಣೆಯಲ್ಲಿ, ಅವಳಿಗೆ ಯಾರೋ ಹೇಳಿದ್ದ ಮಾತೂ ಅದೇ ಆಗಿರಬಹುದು. 'ಸುಮ್ನಿರು.'

ಇಲ್ಲಿ ಬದಲಾಯಿಸಬೇಕಾದದ್ದು ಸಣ್ಣ ಸಣ್ಣ ವಿಷಯ. ಏನು ಮಾಡುತ್ತೇನೆ ಎಂದು ಮೊದಲೇ ಹೇಳುವುದು. "ಈಗ ನೋಡಲಾ?" ಎಂದು ಕೇಳುವುದು. "ಕೈ ಎತ್ತಿದರೆ ನಿಲ್ಲಿಸ್ತೀನಿ" ಎಂದು ಹೇಳಿ, ಎತ್ತಿದಾಗ ನಿಜವಾಗಲೂ ನಿಲ್ಲಿಸುವುದು. ಬೇಕಾದಷ್ಟು ಜಾಗ ಬಿಟ್ಟು ಉಳಿದದ್ದಕ್ಕೆ ಹೊದಿಕೆ ಹಾಕುವುದು. ಒಳಗಿನ ಸ್ಕ್ಯಾನ್ ಆದರೆ ಉಪಕರಣವನ್ನು ಅವಳೇ ಇಟ್ಟುಕೊಳ್ಳೋಕೆ ಬಿಡುವುದು. ಇದನ್ನೆಲ್ಲ ಸೇರಿಸಿ 'ಆಘಾತ ಅರಿತ ಆರೈಕೆ' ಎನ್ನುತ್ತಾರೆ. ಇದರ ಮುಖ್ಯ ಗುಟ್ಟು ಏನೆಂದರೆ, ಯಾರಿಗೆ ಏನಾಗಿತ್ತು ಎಂದು ಪತ್ತೆ ಮಾಡಬೇಕಾಗಿಯೇ ಇಲ್ಲ. ಎಲ್ಲರನ್ನೂ ಹೀಗೇ ನೋಡಿಕೊಂಡರೆ ಆಯಿತು. ಏನೂ ಆಗದವರಿಗೂ ಇದರಿಂದ ನಷ್ಟ ಇಲ್ಲ.

ಗರ್ಭಿಣಿಯ ಕಡೆಯಿಂದಲೂ ಒಂದು ವಾಕ್ಯ ಸಾಕು: "ಡಾಕ್ಟ್ರೇ, ಈ ಪರೀಕ್ಷೆ ಅಂದ್ರೆ ನನಗೆ ತುಂಬಾ ಭಯ. ಹೇಳಿ ಮಾಡಿ, ನಿಧಾನಕ್ಕೆ ಮಾಡಿ." ಯಾಕೆ ಭಯ ಎಂದು ವಿವರಿಸಬೇಕಿಲ್ಲ. ಕಾರಣ ಕೇಳಿದರೂ "ಹೇಳೋಕೆ ಇಷ್ಟ ಇಲ್ಲ" ಅನ್ನಬಹುದು. ಈಗಲೇ ಈ ಪರೀಕ್ಷೆ ಬೇಕೇ ಬೇಕಾ ಎಂದೂ ಕೇಳಬಹುದು. ಎಲ್ಲ ಸರಿಯಾಗಿ ಸಾಗುತ್ತಿರುವ ಹೆರಿಗೆಯಲ್ಲಿ, ನೋವು ಜೋರಾದ ಹಂತದಲ್ಲಿ, ನಾಲ್ಕು ಗಂಟೆಗೊಮ್ಮೆ ಒಳಪರೀಕ್ಷೆ ಸಾಕು ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ 2018ರ ಸಲಹೆ.

ಹೆರಿಗೆ ಕೋಣೆಯಲ್ಲಿ ಜೊತೆಗೊಬ್ಬರು ಇರುವುದಕ್ಕೂ ಅವಕಾಶ ಇದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆಗೆ ಜೊತೆಗಾತಿಯನ್ನು ಬಿಡಬೇಕು ಎಂದು ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲೇ ಹೇಳಿದೆ. ಜಾಗ ಇಲ್ಲ ಅನ್ನುವ ಮಾತು ಕೆಲವು ಕಡೆ ಕೇಳಬೇಕಾಗುತ್ತದೆ. ಅದಕ್ಕೇ ನೋವು ಬರುವ ಮೊದಲೇ, ಚೆಕಪ್ಪಿಗೆ ಹೋದಾಗಲೇ ಕೇಳಿಟ್ಟುಕೊಳ್ಳಬೇಕು.

ಮನಸ್ಸು ಜಾರಿಹೋಗುತ್ತಿದೆ ಅನ್ನಿಸಿದಾಗ ಅದನ್ನು ಈ ಹೊತ್ತಿಗೆ ಎಳೆದು ತರುವ ಉಪಾಯಗಳಿವೆ. ಪಾದ ಗಟ್ಟಿಯಾಗಿ ಊರುವುದು, ಕಣ್ಣಿಗೆ ಕಾಣುವ ಐದು ವಸ್ತುಗಳ ಹೆಸರು ಹೇಳಿಕೊಳ್ಳುವುದು, ಉಸಿರನ್ನು ಒಳಗೆ ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಗೆ ಬಿಡುವುದು. ಸೀಮಂತದ ಬಳೆಗಳು ಕೈಯಲ್ಲೇ ಇವೆಯಲ್ಲ. ಒಂದೊಂದಾಗಿ ಬೆರಳಿಂದ ಸರಿಸಿ ಎಣಿಸಬಹುದು. ಗಾಜಿನ ತಂಪು, ಕಿಣಿ ಸದ್ದು. ಆ ಹಳೇ ಕೋಣೆಯಲ್ಲಿ ಈ ಬಳೆ ಇರಲಿಲ್ಲ.

ಚಿಕಿತ್ಸೆ ಅಂದರೆ ಏನು ಮಾಡುತ್ತಾರೆ?

'ಎಲ್ಲ ಬಾಯಿ ಬಿಡಿಸ್ತಾರೆ' ಎಂಬ ಅಂಜಿಕೆಯಿಂದಲೇ ಎಷ್ಟೋ ಜನ ಹೋಗುವುದಿಲ್ಲ. ನಡೆಯುವುದು ಹಾಗಲ್ಲ. ಬಸಿರಿನ ಹೊತ್ತಿನಲ್ಲಿ ಚಿಕಿತ್ಸಕರು ಸಾಮಾನ್ಯವಾಗಿ ಮೊದಲು ನೆಲ ಗಟ್ಟಿ ಮಾಡುತ್ತಾರೆ. ನಿದ್ದೆ, ಊಟ, ಗಾಬರಿ ಬಂದಾಗ ಏನು ಮಾಡಬೇಕು, ಮನೆಯಲ್ಲಿ ಯಾರನ್ನು ನಂಬಬಹುದು, ಈಗ ಅವಳು ಸುರಕ್ಷಿತವಾಗಿ ಇದ್ದಾಳಾ. ಹಳೆಯದನ್ನು ಬಿಚ್ಚುವುದು ಅವಳು ಸಿದ್ಧಳಾದಾಗ, ಅವಳು ಬಯಸಿದಷ್ಟು. ಮನೆ ರಿಪೇರಿಗೆ ಮೊದಲು ಸೂರಿಗೆ ಆಸರೆ ಕಂಬ ಕೊಡುವುದಿಲ್ಲವೇ, ಹಾಗೆ.

ಎಲ್ಲದಕ್ಕೂ ದೊಡ್ಡ ಡಾಕ್ಟರೇ ಬೇಕಂತಲೂ ಇಲ್ಲ. ಪಾಕಿಸ್ತಾನದ ರಾವಲ್ಪಿಂಡಿಯ ಹಳ್ಳಿಗಳಲ್ಲಿ ನಮ್ಮ ಆಶಾ ಕಾರ್ಯಕರ್ತೆಯರಂಥ ಆರೋಗ್ಯ ಕಾರ್ಯಕರ್ತೆಯರಿಗೆ ತರಬೇತಿ ಕೊಟ್ಟು, ಖಿನ್ನತೆ ಇದ್ದ ಗರ್ಭಿಣಿಯರ ಮನೆಗೇ ಕಳಿಸಿದರು. ಯೋಚನೆಯ ದಾರಿಯನ್ನು ಮೆಲ್ಲಗೆ ಬದಲಾಯಿಸುವ ಮಾತುಕತೆ, ಅಷ್ಟೇ. 2008ರಲ್ಲಿ ಫಲಿತಾಂಶ ಬಂತು. ಹೆರಿಗೆಯಾಗಿ ಆರು ತಿಂಗಳಿಗೆ ಈ ಮಾತುಕತೆ ಸಿಕ್ಕಿದವರಲ್ಲಿ ಶೇ 23ರಷ್ಟು ಜನರಲ್ಲಿ ಮಾತ್ರ ಖಿನ್ನತೆ ಉಳಿದಿತ್ತು. ಸಿಗದವರಲ್ಲಿ ಶೇ 53. ಮುಂದೆ ವಿಶ್ವ ಆರೋಗ್ಯ ಸಂಸ್ಥೆಯೇ ಆ ಕೈಪಿಡಿಯನ್ನು ಜಗತ್ತಿಗೆ ಹಂಚಿತು. ನಮ್ಮ ಗೋವಾದಲ್ಲೂ ಅಕ್ಕಪಕ್ಕದ ಸಾಮಾನ್ಯ ಹೆಂಗಸರಿಗೆ ತರಬೇತಿ ಕೊಟ್ಟು ಇದೇ ವಿಧಾನ ನೋಡಿದ್ದಾರೆ.

ತೊಂದರೆ ಜಾಸ್ತಿ ಇದ್ದರೆ ಮಾತ್ರೆ ಬೇಕಾಗಬಹುದು. 'ಬಸುರಿಗೆ ಮಾನಸಿಕದ ಮಾತ್ರೆಯಾ!' ಎಂದು ಗಾಬರಿ ಬೀಳಬೇಕಿಲ್ಲ. ಸರ್ಟ್ರಾಲಿನ್‌ನಂಥ ಕೆಲವು ಔಷಧಿಗಳನ್ನು ವೈದ್ಯರು ಬಸಿರಲ್ಲೂ ಎದೆಹಾಲು ಕುಡಿಸುವಾಗಲೂ ಲಾಭನಷ್ಟ ತೂಗಿ ಕೊಡುತ್ತಾರೆ. ವಾಲ್ಪ್ರೊಯೇಟ್‌ನಂಥ ಕೆಲವನ್ನು ಬಸಿರಲ್ಲಿ ಕೊಡಬಾರದು, ಮಗುವಿನ ಬೆಳವಣಿಗೆಗೆ ಅಪಾಯ. ಹಾಗಾಗಿ ಮೊದಲಿಂದಲೂ ಮಾತ್ರೆ ತಗೊಳ್ಳುತ್ತಿದ್ದವರು ಬಸಿರು ನಿಂತಿದೆ ಎಂದು ಗೊತ್ತಾದ ಕೂಡಲೇ ಡಾಕ್ಟರ ಹತ್ತಿರ ಹೋಗಬೇಕು. ತಾವಾಗಿ ನಿಲ್ಲಿಸಬಾರದು.

ಒಂದಂತೂ ಕಾಯುವ ವಿಷಯವೇ ಅಲ್ಲ. ಹೆರಿಗೆಯಾದ ಮೊದಲ ಒಂದೆರಡು ವಾರದಲ್ಲಿ ನಿದ್ದೆಯೇ ಇಲ್ಲದೆ, ಇಲ್ಲದ್ದು ಕಾಣುವುದು ಕೇಳುವುದು, ಮಗುವಿನ ಬಗ್ಗೆ ವಿಚಿತ್ರ ನಂಬಿಕೆ ಶುರುವಾದರೆ ಅದು ಬಾಣಂತಿ ಸನ್ನಿ ಇರಬಹುದು. ಸಾವಿರ ಹೆರಿಗೆಗೆ ಒಂದೆರಡರಲ್ಲಿ ಕಾಣುತ್ತದೆ. ದೆವ್ವ, ಗಾಳಿ ಎಂದು ದಿನ ಕಳೆಯದೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಚಿಕಿತ್ಸೆಯಿಂದ ಗುಣವಾಗುತ್ತದೆ.

ಯಾರ ಹತ್ತಿರ ಹೋಗುವುದು?

ಮನೆಯಿಂದ ಹೊರಗೆ ಹೋಗೋಕೆ ಆಗದವರಿಗೆ ಹತ್ತಿರದ್ದು ಫೋನು. 14416, ಟೆಲಿ ಮಾನಸ್. 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರಿ ಸಹಾಯವಾಣಿ, ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಜೀವಕ್ಕೆ ಅಪಾಯ ಅನ್ನಿಸಿದರೆ 112. ಈಗಲೂ ಮನೆಯಲ್ಲಿ ಹಿಂಸೆ ನಡೆಯುತ್ತಿದ್ದರೆ ಮಹಿಳಾ ಸಹಾಯವಾಣಿ 181.

ಊರಿನಲ್ಲಿ ಆಶಾ ಕಾರ್ಯಕರ್ತೆ, ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು. ಜಿಲ್ಲಾ ಆಸ್ಪತ್ರೆಯಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ತಂಡ ಇರುತ್ತದೆ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರದಂದು ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ವ್ಯವಸ್ಥೆಯೂ ಇದೆ. ನಿಮ್ಮ ತಾಲೂಕಿನಲ್ಲಿ ಯಾವ ವಾರ ಎಂದು ಆಶಾ ಅವರನ್ನೇ ಕೇಳಬಹುದು.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಗರ್ಭಿಣಿ, ಬಾಣಂತಿಯರಿಗೆಂದೇ ಪ್ರತ್ಯೇಕ ಸೇವೆ ಇದೆ. ಮನೋವೈದ್ಯೆ ಪ್ರಭಾ ಚಂದ್ರ ಅವರ ತಂಡ 2009ರಲ್ಲಿ ಅಲ್ಲಿ ತಾಯಿ–ಮಗು ವಾರ್ಡ್ ಶುರು ಮಾಡಿತು. ದೇಶದಲ್ಲೇ ಅದು ಮೊದಲನೆಯದು. ಅದಕ್ಕೂ ಮೊದಲು ಬಾಣಂತಿಯನ್ನು ಮಾನಸಿಕ ತೊಂದರೆಗೆ ದಾಖಲು ಮಾಡಿದರೆ ಮಗು ಮನೆಯಲ್ಲಿ, ತಾಯಿ ವಾರ್ಡಿನಲ್ಲಿ. ಈ ವಾರ್ಡಿನಲ್ಲಿ ಇಬ್ಬರೂ ಒಟ್ಟಿಗೆ ಇರುತ್ತಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೂ ಇದನ್ನೇ ಹೇಳುತ್ತದೆ: ಮೂರು ವರ್ಷದೊಳಗಿನ ಮಗುವನ್ನು ಚಿಕಿತ್ಸೆ ಪಡೆಯುವ ತಾಯಿಯಿಂದ ಸಾಮಾನ್ಯವಾಗಿ ಬೇರೆ ಮಾಡುವಂತಿಲ್ಲ. ಚಿಕಿತ್ಸೆಯ ವಿವರ ಗುಟ್ಟಾಗಿ ಇಡಬೇಕು ಎನ್ನುವುದೂ ಅದೇ ಕಾಯ್ದೆಯಲ್ಲಿದೆ. ಆದರೆ ಗರ್ಭಿಣಿಗೇ 18 ತುಂಬಿಲ್ಲದಿದ್ದರೆ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ 2012ರ ಪೋಕ್ಸೋ ಕಾಯ್ದೆ ಅನ್ವಯ ಆಗುತ್ತದೆ, ಆಸ್ಪತ್ರೆ ಪೊಲೀಸರಿಗೆ ತಿಳಿಸಲೇಬೇಕು. ಹೆದರಿ ಚೆಕಪ್ ತಪ್ಪಿಸಿದರೆ ಅಪಾಯ ಆಗುವುದು ಆ ಹುಡುಗಿಗೇ.

ತವರು ಮತ್ತು ಬಾಣಂತನ

ಈಗ ಬ್ಯಾಗ್ ತುಂಬುತ್ತಿದ್ದ ಅಮ್ಮನ ಹತ್ತಿರ ಬರೋಣ.

ಪಾಶ್ಚಾತ್ಯ ದೇಶಗಳ ಕೈಪಿಡಿಗಳಲ್ಲಿ ತವರಿನ ಬಗ್ಗೆ ಅಧ್ಯಾಯ ಸಾಮಾನ್ಯವಾಗಿ ಇರುವುದಿಲ್ಲ. ಅಲ್ಲಿ ಹೆಂಗಸು ಹೆರಿಗೆಗೆಂದು ತಾನು ಬೆಳೆದ ಮನೆಗೆ ಹೋಗಿ ಮೂರು, ಐದು ತಿಂಗಳು ಇರುವ ಪದ್ಧತಿ ಇಲ್ಲ. ನಮ್ಮಲ್ಲಿ ಇದೆ, ಬಹಳ ಮಂದಿಗೆ ಅದು ವರವೇ. ಎಣ್ಣೆ ನೀರು, ಬಿಸಿ ಊಟ, ಮಗು ಎತ್ತಿಕೊಳ್ಳೋಕೆ ನಾಲ್ಕು ಕೈ. ಆದರೆ ಬಾಲ್ಯದ ಗಾಯ ಆ ಮನೆಯಲ್ಲೇ ಆಗಿದ್ದರೆ? ಹಾಗೆ ಮಾಡಿದ ಮಾವ ಈಗಲೂ ಸಂಜೆ ಹೊತ್ತು ಬಂದು ಜಗಲಿಯಲ್ಲಿ ಕೂರುತ್ತಿದ್ದರೆ? ಬಾಣಂತಿ ಕೋಣೆ ಅಂದರೆ ಕತ್ತಲು, ಮುಚ್ಚಿದ ಬಾಗಿಲು, ಹೊರಗೆ ಹೋಗೋಕೆ ಬಿಡದ ತಿಂಗಳುಗಳು. ಮೈಗೆ ನೀರು ಹಾಕುವವರು ಬೇರೆಯವರು, ಬಟ್ಟೆ ಇಲ್ಲದೆ ಅವರ ಮುಂದೆ ಕೂರಬೇಕು. ಉಳಿದವರಿಗೆ ಆರೈಕೆ ಆಗಿರುವುದೆಲ್ಲ ಅವಳಿಗೆ ತಿರುಗಿ ಅದೇ ಬಲೆ. ಮೇಲಾಗಿ ಈಗ ಪಕ್ಕದಲ್ಲಿ ಒಂದು ಕೂಸು ಬೇರೆ.

ಅದಕ್ಕೇ ಐದನೇ ತಿಂಗಳ ಹೊತ್ತಿಗೇ ಒಂದು ಪ್ರಶ್ನೆ ಕೇಳುವುದು ಒಳ್ಳೆಯದು. ಡಾಕ್ಟರು ಕೇಳಬಹುದು, ಆಶಾ ಕೇಳಬಹುದು, ಗಂಡ ಕೇಳಿದರೆ ಇನ್ನೂ ಒಳ್ಳೆಯದು: "ಬಾಣಂತನ ಎಲ್ಲಿ ಆದರೆ ನಿನಗೆ ನೆಮ್ಮದಿ?" ತವರಾ ಇಲ್ಲಾ ಅತ್ತೆ ಮನೆಯಾ ಅಂತ ಎರಡೇ ದಾರಿ ಕೊಡಬೇಡಿ. ಅವಳು ಹೇಳಿದ ಮೇಲೆ 'ಯಾಕೆ' ಅಂತ ಜಗ್ಗಬೇಡಿ. ಯಾಕೆ ಅನ್ನುವುದು ಅವಳ ಹತ್ತಿರವೇ ಇರಲಿ, ಹೇಳಬೇಕು ಅನ್ನಿಸಿದ ದಿನ ಹೇಳುತ್ತಾಳೆ. ಹೇಳಿದ ದಿನ "ಅಷ್ಟು ಹಳೇದನ್ನ ಈಗ್ಯಾಕೆ", "ಆಗಲೇ ಯಾಕೆ ಹೇಳಲಿಲ್ಲ" ಎಂಬ ಎರಡು ಮಾತು ಬಾಯಿಗೆ ಬಂದರೂ ನುಂಗಿಕೊಳ್ಳಿ. "ಹೇಳಿದ್ದು ಒಳ್ಳೇದಾಯ್ತು, ತಪ್ಪು ನಿನ್ನದಲ್ಲ" ಅಷ್ಟು ಸಾಕು.

ಮನೆಮಂದಿಗೆ ಹೇಳೋಕೆ ಕಾರಣ ಬೇಕಲ್ಲ? ಅದನ್ನು ಗಂಡ ತನ್ನ ಮೇಲೆ ಹಾಕಿಕೊಳ್ಳಬಹುದು. "ಇಲ್ಲಿ ಡಾಕ್ಟ್ರು ಗೊತ್ತಿರೋರು, ಸ್ಕ್ಯಾನ್ ಎಲ್ಲ ಇಲ್ಲೇ ಆಗಿದೆ, ನಾನೇ ಬೇಡ ಅಂದೆ." ಡಾಕ್ಟರೂ ಒಂದು ಮಾತು ಸೇರಿಸಬಹುದು, ಈಗ ಅಷ್ಟು ದೂರ ಪ್ರಯಾಣ ಬೇಡ ಎಂದು. ಮಗಳು ತವರಿಗೆ ಹೋಗುವ ಬದಲು ಅಮ್ಮನೇ ಇಲ್ಲಿಗೆ ಬರಬಹುದು, ಹರಳೆಣ್ಣೆ, ಬಾಣಂತಿ ಖಾರ, ಹಳೇ ಹತ್ತಿ ಸೀರೆಗಳ ಗಂಟು ಕಟ್ಟಿಕೊಂಡು. ನೀರು ಹಾಕುವಾಗ ಲಂಗ ಎದೆಗೆ ಕಟ್ಟಿಕೊಂಡೇ ಕೂರಬಹುದು. ಬಾಣಂತಿ ಕೋಣೆಯ ಕಿಟಕಿ ತೆರೆದಿಡಬಹುದು, ಬಾಗಿಲ ಚಿಲಕ ಒಳಗಿನಿಂದ ಅವಳ ಕೈಗೇ ಸಿಗುವ ಹಾಗಿರಬಹುದು.